ನಕ್ಷತ್ರಗಳ ಚಾಂಚಲ್ಯ

ಸ್ಥಿರವಾದುದಕ್ಕೆ ಉಪಮಾನವನ್ನು ಅರಸುವಾಗ ಮನುಷ್ಯನ ಕಣ್ಣು ಸಹಜವಾಗಿಯೇ ಆಕಾಶದತ್ತ ಹೊರಳುತ್ತದೆ. ನೆಲದ ಮೇಲೆ ನದಿಗಳು ಪಾತ್ರವನ್ನು ಬದಲಿಸುತ್ತವೆ, ಪಟ್ಟಣಗಳು ಹಾಳುಬೀಳುತ್ತವೆ, ರಾಜ್ಯಗಳು ಎದ್ದು ಅಳಿಯುತ್ತವೆ. ಆದರೆ ಅಜ್ಜ ಕಂಡ ಸಪ್ತರ್ಷಿಮಂಡಲವನ್ನೇ ಮೊಮ್ಮಗನೂ ಕಾಣುತ್ತಾನೆ. ಮದುವೆಯ ದಿನ ವಧೂವರರಿಗೆ ಧ್ರುವನನ್ನೂ ಅರುಂಧತಿಯನ್ನೂ ತೋರಿಸುವ ನಮ್ಮ ಸಂಪ್ರದಾಯ ಈ ನಂಬಿಕೆಯ ಮೇಲೆಯೇ ನಿಂತಿದೆ. ಪಶ್ಚಿಮದಲ್ಲಿಯೂ ಹೀಗೆಯೇ. ಹುಟ್ಟು, ಸಾವು, ವಿಕಾರ ಇವೆಲ್ಲ ಚಂದ್ರನಿಂದ ಕೆಳಗಿನ ಲೋಕಕ್ಕೆ ಮಾತ್ರ ಸೇರಿದುವು, ಅದರಾಚೆ ಇರುವುದು ನಿರ್ವಿಕಾರವಾದ ಲೋಕ ಎಂದು ಅರಿಸ್ಟಾಟಲ್ ಹೇಳಿದ. ಯೂರೋಪು ಸುಮಾರು ಎರಡು ಸಾವಿರ ವರ್ಷ ಅದನ್ನು ನಂಬಿತು.

ಆದರೆ ಆಕಾಶದಲ್ಲಿ ಕಾಂತಿಯನ್ನು ಹೆಚ್ಚಿಸಿಕೊಳ್ಳುತ್ತಲೂ ತಗ್ಗಿಸಿಕೊಳ್ಳುತ್ತಲೂ ಇರುವ ನಕ್ಷತ್ರಗಳು ಬಹಳ ಇವೆ. ಇವನ್ನು ಚಂಚಲ ನಕ್ಷತ್ರಗಳೆಂದು ಕರೆಯೋಣ. ರಾತ್ರಿಯ ನಕ್ಷತ್ರಗಳೆಲ್ಲವೂ ಮಿನುಗುತ್ತವಲ್ಲ ಎಂದು ಯಾರಾದರೂ ಕೇಳಬಹುದು. ಆ ಮಿನುಗು ನಕ್ಷತ್ರದ ಗುಣವಲ್ಲ. ಅದರ ಬೆಳಕು ಹಾದುಬರುವ ನಮ್ಮ ವಾಯುಮಂಡಲದ ಕಲಕಾಟ. ಇಲ್ಲಿ ಹೇಳಹೊರಟಿರುವುದು ಗಂಟೆಗಳಲ್ಲಿ, ದಿನಗಳಲ್ಲಿ, ತಿಂಗಳುಗಳಲ್ಲಿ ನಡೆಯುವ ಬದಲಾವಣೆಯನ್ನು. ನಕ್ಷತ್ರದ ಒಡಲಿನಲ್ಲಿ ಅಥವಾ ಅದರ ನೆರೆಯಲ್ಲಿ ಕಾರಣವುಳ್ಳ ಬದಲಾವಣೆಯನ್ನು. ಮೊದಲು ಒಂದು ಕುಂದಿನಂತೆ ತೋರಿದ ಈ ಚಾಂಚಲ್ಯವೇ ಮುಂದೆ ವಿಶ್ವವನ್ನು ಅಳೆಯುವ ಕೋಲಾಯಿತು. ಅದು ಹೇಗೆಂಬುದನ್ನು ನೋಡೋಣ.

1596ರ ಆಗಸ್ಟ್ ತಿಂಗಳು. ಜರ್ಮನಿಯ ವಾಯವ್ಯ ಕರಾವಳಿಯ ಫ್ರೀಸ್ಲೆಂಡ್ ಪ್ರಾಂತದಲ್ಲಿ ಪಾದ್ರಿಯಾಗಿದ್ದ ಡೇವಿಡ್ ಫ್ಯಾಬ್ರಿಷಿಯಸ್ ಎಂಬಾತ ಗ್ರಹವೊಂದರ ಸ್ಥಾನವನ್ನು ಗುರುತಿಸಲು ತಿಮಿಂಗಿಲ ರಾಶಿಯ ಒಂದು ನಕ್ಷತ್ರವನ್ನು ಆಧಾರವಾಗಿ ಹಿಡಿದಿದ್ದ. ದಿನ ಕಳೆದಂತೆ ಆ ನಕ್ಷತ್ರ ಉಜ್ಜ್ವಲವಾಯಿತು. ಅಕ್ಟೋಬರಿನ ವೇಳೆಗೆ ಕಣ್ಮರೆಯಾಯಿತು. ಅದು ಹೊತ್ತಿ ಆರಿಹೋದ ಹೊಸ ನಕ್ಷತ್ರವಿರಬೇಕೆಂದು ಆತ ತಿಳಿದ. 1609ರಲ್ಲಿ ಅದೇ ಎಡೆಯಲ್ಲಿ ಅದು ಮತ್ತೆ ಕಂಡಿತು. 1638ರಲ್ಲಿ ಹಾಲೆಂಡಿನ ಹೋಲ್ವಾರ್ಡ ಅದನ್ನು ಗಮನವಿಟ್ಟು ನೋಡಿ, ಅದು ಸಾಯುವುದೂ ಇಲ್ಲ, ಹೊಸದಾಗಿ ಹುಟ್ಟುವುದೂ ಇಲ್ಲ, ಸುಮಾರು ಹನ್ನೊಂದು ತಿಂಗಳಿಗೊಮ್ಮೆ ಏರಿ ಇಳಿಯುತ್ತದೆ ಎಂದು ಕಂಡುಕೊಂಡ. ದಾನ್ತ್ಸಿಗ್ ನಗರದ ಹೆವೇಲಿಯಸ್ ಅದಕ್ಕೆ ಮೀರಾ ಎಂದು ಹೆಸರಿಟ್ಟ. ಲ್ಯಾಟಿನ್ನಿನ ಆ ಮಾತಿಗೆ ಅದ್ಭುತ ಎಂದರ್ಥ. ನಮ್ಮ ಮೀರಾಬಾಯಿಗೂ ಅದಕ್ಕೂ ಸಂಬಂಧವಿಲ್ಲ. ಸರಾಸರಿ 332 ದಿನಗಳಿಗೊಮ್ಮೆ ಅದು ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುವಷ್ಟು ಬೆಳಗಿ, ಮತ್ತೆ ದೂರದರ್ಶಕಕ್ಕೆ ಮಾತ್ರ ಸಿಕ್ಕುವಷ್ಟು ಕುಗ್ಗುತ್ತದೆ.

ಅದ್ಭುತವೆಂದು ಹೆಸರಿಟ್ಟಲ್ಲಿಗೆ ಆ ಕಾಲದ ತಿಳಿವಳಿಕೆ ನಿಂತಿತು. ಏಕೆ ಹೀಗಾಗುತ್ತದೆ ಎಂಬ ಪ್ರಶ್ನೆಗೆ ಮೊದಲ ಒಳ್ಳೆಯ ಉತ್ತರ ಬರಲು ಇನ್ನೂ ನೂರು ವರ್ಷಕ್ಕೆ ಮಿಕ್ಕಿದ ಕಾಲ ಬೇಕಾಯಿತು. ಅದನ್ನು ಕೊಟ್ಟವನು ಹದಿನೆಂಟು ವರ್ಷದ ಕಿವುಡ ಹುಡುಗ.

ಜಾನ್ ಗುಡ್‌ರಿಕ್ ಹುಟ್ಟಿದ್ದು 1764ರಲ್ಲಿ, ಹಾಲೆಂಡಿನ ಗ್ರೋನಿಂಗೆನ್ ನಗರದಲ್ಲಿ, ಬೆಳೆದದ್ದು ಇಂಗ್ಲೆಂಡಿನಲ್ಲಿ. ಶೈಶವದಲ್ಲಿಯೇ ಅವನ ಶ್ರವಣಶಕ್ತಿ ಹೋಗಿತ್ತು. ಆ ಕಾಲದಲ್ಲಿ ಇಂಥ ಮಕ್ಕಳನ್ನು ಓದಿಸುವವರೇ ವಿರಳ. ಎಡಿನ್‌ಬರೋ ನಗರದಲ್ಲಿ ಕಿವುಡರಿಗಾಗಿಯೇ ನಡೆಯುತ್ತಿದ್ದ ಶಾಲೆಗೆ ಅವನನ್ನು ಕಳುಹಿಸಿದರು. ಮುಂದೆ ಯಾರ್ಕ್ ನಗರಕ್ಕೆ ಬಂದಾಗ ನೆರೆಯ ಎಡ್ವರ್ಡ್ ಪಿಗಟ್ ಅವನಿಗೆ ಆಕಾಶವೀಕ್ಷಣೆಯ ಸಂಗಾತಿಯಾದ. 1782ರ ನವೆಂಬರ್ 12ರ ರಾತ್ರಿ ಗುಡ್‌ರಿಕ್ ಆಲ್ಗಾಲ್ ಎಂಬ ನಕ್ಷತ್ರ ಎಂದಿಗಿಂತ ಮಂಕಾಗಿರುವುದನ್ನು ಕಂಡ. ನಾವು ಕನ್ನಡದಲ್ಲಿ ಪಾರ್ಥನೆಂದು ಕರೆಯುವ ಪರ್ಸಿಯಸ್ ನಕ್ಷತ್ರಪುಂಜದಲ್ಲಿ ಅದು ಎರಡನೆಯ ಸ್ಥಾನದ ನಕ್ಷತ್ರ. ಅರಬ್ಬರು ಅದನ್ನು ಪಿಶಾಚಿಯ ತಲೆ ಎಂದು ಕರೆದಿದ್ದರು; ಆಲ್ಗಾಲ್ ಎಂಬುದು ಆ ಮಾತಿನ ತದ್ಭವ. ಅದು ಕೆಲವೊಮ್ಮೆ ಕಾಂತಿಗುಂದುವುದನ್ನು ಇಟಲಿಯ ಮೊಂತನಾರಿ ನೂರು ವರ್ಷಗಳ ಹಿಂದೆಯೇ ಗುರುತಿಸಿದ್ದ. ಆದರೆ ಆ ಕುಗ್ಗುವಿಕೆಗೆ ಒಂದು ನಿಯಮವಿದೆಯೇ ಎಂದು ಯಾರೂ ಎಣಿಸಿ ನೋಡಿರಲಿಲ್ಲ.

ಗುಡ್‌ರಿಕ್ ಎಣಿಸಿದ. ಮುಂದಿನ ಚಳಿಗಾಲದ ರಾತ್ರಿಗಳಲ್ಲಿ ಮೋಡವಿಲ್ಲದಾಗಲೆಲ್ಲ ಆ ನಕ್ಷತ್ರವನ್ನು ಸುತ್ತಲಿನ ನಕ್ಷತ್ರಗಳೊಡನೆ ಹೋಲಿಸಿ ಬರೆದಿಟ್ಟ. ಎರಡು ದಿನ ಇಪ್ಪತ್ತು ಗಂಟೆ ನಲವತ್ತೊಂಬತ್ತು ನಿಮಿಷಗಳಿಗೊಮ್ಮೆ ಆಲ್ಗಾಲ್ ತಪ್ಪದೆ ಮಂಕಾಗುತ್ತದೆ. ಸುಮಾರು ಐದು ಗಂಟೆಗಳಲ್ಲಿ ಅದರ ಬೆಳಕು ಮೂರರಲ್ಲೊಂದು ಪಾಲಿಗಿಂತ ತುಸು ಕಡಿಮೆಗೆ ಇಳಿದು, ಅಷ್ಟೇ ಹೊತ್ತಿನಲ್ಲಿ ಮೊದಲಿನಂತಾಗುತ್ತದೆ. ಉಳಿದ ಎರಡೂವರೆ ದಿನ ಬಹುಮಟ್ಟಿಗೆ ಒಂದೇ ಸಮ. ಇಷ್ಟು ಕ್ರಮವಾಗಿ ಬೆಳಕು ಕಡಿಮೆಯಾಗಬೇಕಾದರೆ ಒಂದೋ ಯಾವುದೋ ದೊಡ್ಡ ಕಾಯ ಅದನ್ನು ಸುತ್ತುತ್ತ ನಮಗೂ ಅದಕ್ಕೂ ನಡುವೆ ಬರುತ್ತಿರಬೇಕು, ಇಲ್ಲವೇ ನಕ್ಷತ್ರದ ಒಂದು ಭಾಗದಲ್ಲಿ ಕಲೆಗಳಿದ್ದು ಅದು ತಿರುಗುವಾಗ ಆ ಮುಖ ನಮ್ಮೆಡೆಗೆ ಬರುತ್ತಿರಬೇಕು ಎಂದು ಆತ ಊಹಿಸಿದ. 1783ರಲ್ಲಿ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕವನ್ನು ಕೊಟ್ಟಿತು. 1786ರ ಏಪ್ರಿಲಿನಲ್ಲಿ, ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿದ ಕೆಲವೇ ದಿನಗಳಲ್ಲಿ, ಗುಡ್‌ರಿಕ್ ತೀರಿಕೊಂಡ. ಆಗ ಅವನಿಗೆ ಇಪ್ಪತ್ತೊಂದು ವರ್ಷ.

ಅವನ ಮೊದಲ ಊಹೆ ಸರಿಯೆಂದು ತೀರ್ಮಾನವಾಗಲು ಮತ್ತೂ ನೂರು ವರ್ಷ ಹಿಡಿಯಿತು. ಆಲ್ಗಾಲಿಗೆ ಜೊತೆಗಾರನೊಬ್ಬನಿದ್ದು ಎರಡೂ ಒಂದನ್ನೊಂದು ಸುತ್ತುತ್ತಿದ್ದರೆ, ಮಂಕಾಗುವ ಮೊದಲು ಆಲ್ಗಾಲ್ ನಮ್ಮಿಂದ ದೂರ ಸರಿಯುತ್ತಿರಬೇಕು, ಆಮೇಲೆ ನಮ್ಮತ್ತ ಬರುತ್ತಿರಬೇಕು. ರೈಲು ನಮ್ಮನ್ನು ದಾಟಿ ಹೋಗುವಾಗ ಅದರ ಸಿಳ್ಳಿನ ಸ್ಥಾಯಿ ತಗ್ಗುವಂತೆ, ದೂರ ಸರಿಯುವ ನಕ್ಷತ್ರದ ಬೆಳಕಿನ ರೋಹಿತದಲ್ಲಿ ರೇಖೆಗಳು ಕೆಂಪಿನ ಕಡೆಗೆ ಜರುಗುತ್ತವೆ. 1889ರಲ್ಲಿ ಪಾಟ್ಸ್‌ಡಾಮಿನ ವೀಕ್ಷಣಾಲಯದಲ್ಲಿ ಹರ್ಮನ್ ಫೋಗೆಲ್ ಈ ಜರುಗುವಿಕೆಯನ್ನು ಅಳೆದು ನೋಡಿದ. ನಿರೀಕ್ಷಿಸಿದಂತೆಯೇ ಇತ್ತು. ಅಂದರೆ ಪಿಶಾಚಿ ಕಣ್ಣು ಮುಚ್ಚುತ್ತಿರಲಿಲ್ಲ, ಅಲ್ಲಿ ಗ್ರಹಣವಾಗುತ್ತಿತ್ತು. ಇಂಥ ಜೋಡಿಗಳಿಗೆ ಗ್ರಹಣಶೀಲ ಯಮಳ ನಕ್ಷತ್ರಗಳೆಂದು ಹೆಸರು. ನಕ್ಷತ್ರದ ತೂಕವನ್ನೂ ಗಾತ್ರವನ್ನೂ ನೇರವಾಗಿ ಲೆಕ್ಕ ಹಾಕಲು ಇವುಗಳಷ್ಟು ಒಳ್ಳೆಯ ಸಾಧನ ಬೇರೆಯಿಲ್ಲ.

ಆಲ್ಗಾಲ್ ಜೋಡಿಯಲ್ಲಿ ಇನ್ನೊಂದು ಒಗಟೂ ಇತ್ತು. ತೂಕ ಹೆಚ್ಚಿದ್ದಷ್ಟೂ ನಕ್ಷತ್ರ ಬೇಗ ಮುದಿಯಾಗುತ್ತದೆ. ಇದು ನಕ್ಷತ್ರಗಳ ಸಾಮಾನ್ಯ ಧರ್ಮ. ಇಲ್ಲಿಯಾದರೋ ಉಬ್ಬಿ ಮುದಿಯಾಗಿರುವುದು ಹಗುರವಾದ ಜೊತೆಗಾರ. ಭಾರವಾದ ಆಲ್ಗಾಲ್ ಇನ್ನೂ ಪ್ರಾಯದಲ್ಲಿದೆ. ಇದರ ಸಮಾಧಾನ ಹೀಗೆ: ಹಿಂದೊಂದು ಕಾಲದಲ್ಲಿ ಆ ಜೊತೆಗಾರನೇ ಭಾರವಾಗಿತ್ತು, ಮೊದಲು ಮುದಿಯಾಯಿತು, ಉಬ್ಬಿದಾಗ ತನ್ನ ದ್ರವ್ಯದ ದೊಡ್ಡ ಪಾಲನ್ನು ನೆರೆಯದಕ್ಕೆ ಸುರಿದುಬಿಟ್ಟಿತು. ಮುಪ್ಪಿನಲ್ಲಿ ಆಸ್ತಿಯನ್ನೆಲ್ಲ ಪರಭಾರೆ ಮಾಡಿ ಬಡವಾದ ಯಜಮಾನನ ಸ್ಥಿತಿ ಅದರದು.

ಗ್ರಹಣದ ಈ ವಿವರಣೆ ಎಲ್ಲ ಚಂಚಲ ನಕ್ಷತ್ರಗಳಿಗೂ ಒಗ್ಗುವುದಾಗಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗುಡ್‌ರಿಕ್ ತಾನು ಸಾಯುವ ಮೊದಲು, 1784ರಲ್ಲಿ, ನಾವು ಯುಧಿಷ್ಠಿರನೆನ್ನುವ ಸೀಫಿಯಸ್ ಪುಂಜದ ಡೆಲ್ಟಾ ನಕ್ಷತ್ರವೂ ಚಂಚಲವೆಂದು ಕಂಡುಹಿಡಿದಿದ್ದ. ಇದರ ಅವಧಿ ಐದು ದಿನ ಒಂಬತ್ತು ಗಂಟೆ. ಇದರ ರೀತಿಯೇ ಬೇರೆ. ಸುಮಾರು ಒಂದೂವರೆ ದಿನದಲ್ಲಿ ಸರಸರನೆ ಏರುತ್ತದೆ. ಸುಮಾರು ನಾಲ್ಕು ದಿನ ನಿಧಾನವಾಗಿ ಇಳಿಯುತ್ತದೆ. ಒಂದು ಗಳಿಗೆಯೂ ಒಂದೇ ಸಮನಾಗಿ ನಿಲ್ಲುವುದಿಲ್ಲ. ಗ್ರಹಣವೆಂದರೆ ಹಿಡಿದಷ್ಟೇ ಹೊತ್ತಿನಲ್ಲಿ ಬಿಡಬೇಕಷ್ಟೆ? ಆದರೂ ಬಹುಕಾಲ ಇದನ್ನೂ ಯಮಳವೆಂದೇ ಸಾಧಿಸಲು ಹೆಣಗಿದರು. 1914ರಲ್ಲಿ ಅಮೆರಿಕದ ಹಾರ್ಲೋ ಶಾಪ್ಲಿ ಆ ಲೆಕ್ಕದ ಅಸಂಬದ್ಧತೆಯನ್ನು ತೋರಿಸಿದರು: ಇಂಥ ನಕ್ಷತ್ರಕ್ಕೆ ಜೊತೆಗಾರನಿದೆಯೆಂದು ಲೆಕ್ಕ ಹಾಕಿದರೆ ಆ ಜೊತೆಗಾರ ನಕ್ಷತ್ರದ ಹೊಟ್ಟೆಯೊಳಗೇ ಸುತ್ತಬೇಕಾಗುತ್ತದೆ! ಆದ್ದರಿಂದ ಸುತ್ತುತ್ತಿರುವುದು ಏನೂ ಇಲ್ಲ. ನಕ್ಷತ್ರವೇ ಹೃದಯದಂತೆ ಮಿಡಿಯುತ್ತಿದೆ, ಉಬ್ಬುತ್ತ ಕುಗ್ಗುತ್ತ ಇದೆ ಎಂದರು.

ಮಿಡಿಯುವುದೇನೋ ಸರಿ, ಆದರೆ ಏಕೆ ಮಿಡಿಯಬೇಕು? ತೂಗುಬಿಟ್ಟ ಉಯ್ಯಾಲೆ ಒಂದಷ್ಟು ಹೊತ್ತಿಗೆ ನಿಲ್ಲುತ್ತದೆ. ನಿಲ್ಲಬಾರದೆಂದರೆ ಪ್ರತಿ ಸಲವೂ ಸರಿಯಾದ ಗಳಿಗೆಯಲ್ಲಿ ಯಾರಾದರೂ ಮೀಟಬೇಕು. ನಕ್ಷತ್ರವನ್ನು ಮೀಟುವವರಾರು? ಇಂಗ್ಲೆಂಡಿನ ಆರ್ಥರ್ ಎಡಿಂಗ್ಟನ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ನಕ್ಷತ್ರದೊಳಗೆ ಶಾಖವನ್ನು ಒಮ್ಮೆ ತಡೆದು ಒಮ್ಮೆ ಬಿಡುವ ಒಂದು ಕವಾಟವಿರಬೇಕು ಎಂದರು. ಅದು ಎಲ್ಲಿದೆ ಎಂಬುದು ಮಾತ್ರ ಅವರ ಕೈಗೆ ಸಿಕ್ಕಲಿಲ್ಲ. 1950ರ ದಶಕದಲ್ಲಿ ರಷ್ಯದ ಝೆವಾಕಿನ್ ಅದನ್ನು ಹೀಲಿಯಂ ಅನಿಲದಲ್ಲಿ ಗುರುತಿಸಿದರು. 1962ರಲ್ಲಿ ಬೇಕರ್ ಮತ್ತು ಕಿಪ್ಪನ್‌ಹಾನ್ ವಿವರವಾದ ಗಣನೆಯಿಂದ ಅದನ್ನು ದೃಢಪಡಿಸಿದರು.

ಈ ಕವಾಟವನ್ನು ತಿಳಿಯಲು ಅಡಿಗೆಯ ಮನೆಗೆ ಹೋದರೆ ಸಾಕು. ಮುಚ್ಚಳ ಹಾಕಿದ ಪಾತ್ರೆಯಲ್ಲಿ ಎಸರು ಕುದಿಯುತ್ತಿದೆ. ಆವಿ ಒಳಗೇ ಕೂಡಿಕೊಂಡು ಮುಚ್ಚಳವನ್ನು ಎತ್ತುತ್ತದೆ; ಎತ್ತಿದೊಡನೆ ಆವಿ ಹೊರಕ್ಕೆ ಹೋಗುತ್ತದೆ; ಬಲ ಕುಗ್ಗಿ ಮುಚ್ಚಳ ಬೀಳುತ್ತದೆ; ಮತ್ತೆ ಆವಿ ಕೂಡುತ್ತದೆ. ಒಲೆ ಉರಿಯುವಷ್ಟು ಹೊತ್ತು ಮುಚ್ಚಳ ಕುಣಿಯುತ್ತಲೇ ಇರುತ್ತದೆ. ನಕ್ಷತ್ರದ ಮೇಲ್ಮೈಯಿಂದ ತುಸು ಒಳಗೆ, ಸುಮಾರು ನಲವತ್ತು ಸಾವಿರ ಡಿಗ್ರಿ ಶಾಖವಿರುವಲ್ಲಿ, ಹೀಲಿಯಂನ ಒಂದು ಪದರವಿದೆ. ನಕ್ಷತ್ರ ಕುಗ್ಗಿದಾಗ ಆ ಪದರ ಒತ್ತಡಕ್ಕೆ ಸಿಕ್ಕಿ, ಹೀಲಿಯಂ ಪರಮಾಣು ತನ್ನಲ್ಲಿ ಉಳಿದಿದ್ದ ಒಂದೇ ಒಂದು ಎಲೆಕ್ಟ್ರಾನನ್ನೂ ಕಳೆದುಕೊಳ್ಳುತ್ತದೆ. ಅಂಥ ಪದರ ಬೆಳಕಿಗೆ ಹೆಚ್ಚು ಅಡ್ಡಿಯಾಗುತ್ತದೆ. ಒಳಗಿನಿಂದ ಬರುವ ಶಾಖ ಅದರ ಕೆಳಗೆ ಕೂಡಿಕೊಂಡು ಮೇಲಿನದನ್ನೆಲ್ಲ ಹೊರಕ್ಕೆ ತಳ್ಳುತ್ತದೆ. ನಕ್ಷತ್ರ ಉಬ್ಬುತ್ತದೆ. ಉಬ್ಬಿದಂತೆ ಪದರ ತಣಿದು, ಹೀಲಿಯಂ ತನ್ನ ಎಲೆಕ್ಟ್ರಾನನ್ನು ಮರಳಿ ಪಡೆಯುತ್ತದೆ. ಪದರ ತಿಳಿಯಾಗಿ ಶಾಖ ಹೊರಕ್ಕೆ ಹರಿದುಹೋಗುತ್ತದೆ. ಗುರುತ್ವ ಮತ್ತೆ ನಕ್ಷತ್ರವನ್ನು ಕುಗ್ಗಿಸುತ್ತದೆ. ಹೀಗೆ ಡೆಲ್ಟಾ ಸೀಫಿಯ ಗಾತ್ರ ಐದೂ ಚಿಲ್ಲರೆ ದಿನಗಳಲ್ಲಿ ಸುಮಾರು ಹತ್ತರಲ್ಲೊಂದು ಪಾಲಿನಷ್ಟು ಏರಿಳಿಯುತ್ತದೆ. ಅದು ಅತ್ಯಂತ ಉಜ್ಜ್ವಲವಾಗಿರುವುದು ಅತ್ಯಂತ ದೊಡ್ಡದಾಗಿರುವಾಗ ಅಲ್ಲ. ಕುಗ್ಗಿ ಬಿಸಿಯೇರಿ, ಮತ್ತೆ ವೇಗದಿಂದ ಹಿಗ್ಗುತ್ತಿರುವಾಗ.

ಫ್ಯಾಬ್ರಿಷಿಯಸನ ಮೀರಾ ಕೂಡ ಮಿಡಿಯುವ ನಕ್ಷತ್ರವೇ. ಅದು ಮುಪ್ಪಿನಲ್ಲಿ ಉಬ್ಬಿದ ಕೆಂಪು ದೈತ್ಯ. ಸೂರ್ಯನ ಜಾಗದಲ್ಲಿ ಅದನ್ನು ಇಟ್ಟರೆ ಭೂಮಿಯ ಕಕ್ಷೆಯನ್ನೂ ನುಂಗಿಬಿಡುತ್ತದೆ. ಕಾಂತಿ ಕುಗ್ಗುವಾಗ ಅದರ ಹೊರಪದರ ಎಷ್ಟು ತಣಿಯುತ್ತದೆಂದರೆ ಅಲ್ಲಿ ಟೈಟೇನಿಯಂ ಆಕ್ಸೈಡಿನಂಥ ಅಣುಗಳು ಕೂಡಿಕೊಂಡು ಕಣ್ಣಿಗೆ ಕಾಣುವ ಬೆಳಕನ್ನು ತಡೆಹಿಡಿಯುತ್ತವೆ. ಬಹುಪಾಲು ಶಕ್ತಿ ಕಾಣದ ಅವಕೆಂಪು ಕಿರಣಗಳಾಗಿ ಹೊರಡುತ್ತದೆ. ಆದ್ದರಿಂದಲೇ ನಮ್ಮ ಕಣ್ಣಿಗೆ ಅದು ನೂರಾರು ಪಟ್ಟು ಮಂಕಾದಂತೆ ತೋರಿದರೂ ಅದು ಹೊರಸೂಸುವ ಒಟ್ಟು ಶಕ್ತಿ ಅಷ್ಟೇನೂ ಇಳಿದಿರುವುದಿಲ್ಲ. ನಮ್ಮ ಸೂರ್ಯನೂ 500 ಕೋಟಿ ವರ್ಷಗಳಿಗೂ ಆಚೆ ಒಂದು ದಿನ ಇಂಥ ನಕ್ಷತ್ರವಾಗಲಿದ್ದಾನೆ.

ಇನ್ನು ಅಳತೆಗೋಲಿನ ಮಾತಿಗೆ ಬರೋಣ. ಕತ್ತಲಲ್ಲಿ ದೂರದಲ್ಲೊಂದು ದೀಪ ಕಾಣುತ್ತಿದೆ. ಅದು ಹತ್ತಿರದ ಹಣತೆಯೋ, ದೂರದ ದೊಡ್ಡ ದೀಪವೋ? ಬರಿಯ ನೋಟದಿಂದ ಹೇಳಲಾಗದು. ದೀಪದ ನಿಜವಾದ ಶಕ್ತಿ ಗೊತ್ತಿದ್ದರೆ ಮಾತ್ರ ದೂರ ಗೊತ್ತಾಗುತ್ತದೆ; ಏಕೆಂದರೆ ದೂರ ಎರಡು ಪಟ್ಟಾದರೆ ಕಾಂತಿ ನಾಲ್ಕರಲ್ಲೊಂದು ಪಾಲಾಗುತ್ತದೆ, ಮೂರು ಪಟ್ಟಾದರೆ ಒಂಬತ್ತರಲ್ಲೊಂದು. ನಕ್ಷತ್ರಗಳ ವಿಷಯದಲ್ಲಿ ಖಗೋಳಜ್ಞರು ಸಿಕ್ಕಿಕೊಂಡಿದ್ದುದು ಇಲ್ಲಿಯೇ. ಅವುಗಳ ನಿಜವಾದ ಶಕ್ತಿಯನ್ನು ಹೇಳುವವರಾರು?

ಹಾರ್ವರ್ಡ್ ವೀಕ್ಷಣಾಲಯದಲ್ಲಿ ಹೆನ್ರಿಯೆಟಾ ಲೆವಿಟ್ ಎಂಬ ಮಹಿಳೆ ಛಾಯಾಫಲಕಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದರು. ಆಕೆಗೂ ಕಿವಿ ಮಂದವಾಗಿತ್ತು. ದೂರದರ್ಶಕದ ಬಳಿ ನಿಂತು ಕೆಲಸ ಮಾಡುವ ಅವಕಾಶ ಆ ಕಾಲದ ಹೆಂಗಸರಿಗೆ ಅಲ್ಲಿರಲಿಲ್ಲ. ಇತರರು ತೆಗೆದ ಫಲಕಗಳ ಮೇಲೆ ಚುಕ್ಕೆಗಳನ್ನು ಅಳೆಯುವುದು ಅವರ ಪಾಲಿನ ಕೆಲಸ, ಗಂಟೆಗೆ ಮೂವತ್ತು ಸೆಂಟ್ ಕೂಲಿ. ಪೆರು ದೇಶದ ಅರೆಕ್ವಿಪಾದಿಂದ ಬಂದ ಫಲಕಗಳಲ್ಲಿ ಎರಡು ಮೆಗಲನ್ ಮೇಘಗಳ ಚಿತ್ರಗಳಿದ್ದುವು. ದಕ್ಷಿಣದ ಆಕಾಶದಲ್ಲಿ ಬೆಳ್ಳನೆಯ ಮೋಡದ ತುಣುಕುಗಳಂತೆ ತೋರುವ ಈ ಮೇಘಗಳು ನಿಜವಾಗಿ ನಕ್ಷತ್ರಗಳ ಮಹಾಸಮೂಹಗಳು. 1908ರಲ್ಲಿ ಲೆವಿಟ್ ಅವುಗಳಲ್ಲಿ 1777 ಚಂಚಲ ನಕ್ಷತ್ರಗಳ ಪಟ್ಟಿಯನ್ನು ಕೊಟ್ಟರು. ಅವುಗಳಲ್ಲಿ ಕೆಲವು ಡೆಲ್ಟಾ ಸೀಫಿಯ ಜಾತಿಯವು. 1912ರಲ್ಲಿ, ಕಿರಿಯ ಮೇಘದ ಅಂಥ 25 ನಕ್ಷತ್ರಗಳನ್ನು ಸಾಲಾಗಿ ಇಟ್ಟು ನೋಡಿದಾಗ ಒಂದು ಸರಳ ನಿಯಮ ಎದ್ದು ಕಂಡಿತು: ಮಿಡಿತ ನಿಧಾನವಾದಷ್ಟೂ ನಕ್ಷತ್ರ ಉಜ್ಜ್ವಲ. ಇವೆಲ್ಲ ಒಂದೇ ಮೇಘದಲ್ಲಿರುವುದರಿಂದ ನಮಗೆ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ. ಆದಕಾರಣ ಉಜ್ಜ್ವಲವಾಗಿ ಕಾಣುವುದು ನಿಜವಾಗಿಯೂ ಉಜ್ಜ್ವಲ. ಇನ್ನು ಮಿಡಿತದ ಅವಧಿಯನ್ನು ಗಡಿಯಾರದಿಂದ ಅಳೆದರೆ ಸಾಕು, ದೀಪದ ಶಕ್ತಿ ತಿಳಿಯುತ್ತದೆ. ಶಕ್ತಿ ತಿಳಿದರೆ ದೂರ ತಿಳಿಯುತ್ತದೆ. ಲೆವಿಟ್ 1921ರಲ್ಲಿ ತೀರಿಕೊಂಡರು. 1925ರಲ್ಲಿ ಸ್ವೀಡನ್ನಿನ ಗಣಿತಜ್ಞರೊಬ್ಬರು ಅವರ ಹೆಸರನ್ನು ನೊಬೆಲ್ ಬಹುಮಾನಕ್ಕೆ ಸೂಚಿಸುವ ಆಲೋಚನೆಯಿಂದ ಅವರಿಗೇ ಪತ್ರ ಬರೆದರು. ಆಕೆ ಇಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ.

ಈ ನಿಯಮದಿಂದ ಏನಾಯಿತೆಂಬುದನ್ನು ತಿಳಿಯಲು ಆ ದಿನಗಳ ದೊಡ್ಡ ವಿವಾದವೊಂದನ್ನು ನೆನೆಯಬೇಕು. ನಮ್ಮ ಆಕಾಶಗಂಗೆಯೇ ಸಮಸ್ತ ವಿಶ್ವವೇ, ಅಥವಾ ಅದರಂಥವು ಬೇರೆಯೂ ಇವೆಯೇ? ನಾವು ದ್ರೌಪದಿ ಎಂದು ಕರೆಯುವ ಆಂಡ್ರೊಮಿಡಾ ಪುಂಜದಲ್ಲಿ ಬರಿಗಣ್ಣಿಗೆ ಮಂಜಿನ ಚುಕ್ಕೆಯಂತೆ ಕಾಣುವ ನೀಹಾರಿಕೆ ಆಕಾಶಗಂಗೆಯ ಒಳಗಿನ ಮೋಡವೋ, ಹೊರಗಿನ ಇನ್ನೊಂದು ಲೋಕವೋ? 1920ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಚರ್ಚೆಯಲ್ಲಿ ಶಾಪ್ಲಿ ಅದು ಒಳಗಿನದೆಂಬ ಪಕ್ಷವನ್ನು ಹಿಡಿದಿದ್ದರು. 1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್ ಮೌಂಟ್ ವಿಲ್ಸನ್ನಿನ ನೂರು ಅಂಗುಲದ ದೂರದರ್ಶಕದಿಂದ ಆ ನೀಹಾರಿಕೆಯ ಚಿತ್ರ ತೆಗೆದರು. ಒಂದು ಚುಕ್ಕೆಯನ್ನು ಮೊದಲು ನೋವಾ, ಅಂದರೆ ಹಠಾತ್ತನೆ ಹೊತ್ತಿಕೊಂಡ ನಕ್ಷತ್ರ, ಎಂದು ಗುರುತಿಸಿದ್ದವರು ಹಳೆಯ ಫಲಕಗಳೊಡನೆ ಹೋಲಿಸಿ ನೋಡಿ ಆ ಗುರುತನ್ನು ಹೊಡೆದುಹಾಕಿ, ಚಂಚಲ ಎಂದು ಬರೆದು ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆಯನ್ನು ಹಾಕಿದರು. ಅದರ ಅವಧಿ 31 ದಿನ ಚಿಲ್ಲರೆ. ಅಷ್ಟು ನಿಧಾನವಾಗಿ ಮಿಡಿಯುವ ನಕ್ಷತ್ರ ಅಷ್ಟು ಮಂಕಾಗಿ ಕಾಣಬೇಕಾದರೆ ಅದು ಸುಮಾರು ಒಂಬತ್ತು ಲಕ್ಷ ಜ್ಯೋತಿರ್ವರ್ಷ ದೂರದಲ್ಲಿರಬೇಕು. ಆಕಾಶಗಂಗೆಯ ಗಡಿಯಿಂದ ಬಹಳ ಆಚೆ. 1925ರ ಜನವರಿ 1ರಂದು ಈ ವಿಷಯ ವಿದ್ವಾಂಸರ ಸಭೆಯಲ್ಲಿ ಪ್ರಕಟವಾಯಿತು. ಶಾಪ್ಲಿ ತಾವೇ ಹದಗೊಳಿಸಿದ ಅಳತೆಗೋಲು ಅವರ ಪಕ್ಷವನ್ನೇ ಸೋಲಿಸಿತು.

ಅಳತೆಗೋಲಿಗೂ ತಿದ್ದುಪಡಿ ಬೇಕಾಯಿತು. ಮಿಡಿಯುವ ಈ ನಕ್ಷತ್ರಗಳಲ್ಲಿ ಎರಡು ಜಾತಿಗಳಿವೆ, ಎರಡನ್ನೂ ಒಂದೇ ಎಂದು ಭಾವಿಸಿದ್ದರಿಂದ ದೂರದ ಲೆಕ್ಕ ಕಡಿಮೆಯಾಗಿದೆ ಎಂದು 1952ರಲ್ಲಿ ವಾಲ್ಟರ್ ಬಾಡೆ ತೋರಿಸಿದರು. ಒಂದೇ ಸಲಕ್ಕೆ ವಿಶ್ವದ ಗಾತ್ರ ಇಮ್ಮಡಿಯಾಯಿತು. ಆಂಡ್ರೊಮಿಡಾದ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳೆಂದು ಇಂದು ತಿಳಿದಿದೆ. ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬುದನ್ನು ಗೊತ್ತುಮಾಡುವುದಕ್ಕೂ ಇವೇ ನಕ್ಷತ್ರಗಳು ಆಧಾರ. ಇವುಗಳ ಮೂಲಕ ಅಳೆದರೆ ಆ ವೇಗ ಪ್ರತಿ 32.6 ಲಕ್ಷ ಜ್ಯೋತಿರ್ವರ್ಷಕ್ಕೆ ಸೆಕೆಂಡಿಗೆ ಸುಮಾರು 73 ಕಿಲೋಮೀಟರ್ ಎಂದು ಬರುತ್ತದೆ. ವಿಶ್ವದ ಶೈಶವದಿಂದ ಉಳಿದುಬಂದ ವಿಕಿರಣದ ಮೂಲಕ ಲೆಕ್ಕ ಹಾಕಿದರೆ ಸುಮಾರು 67 ಎಂದು ಬರುತ್ತದೆ. ಈ ಎರಡು ಸಂಖ್ಯೆಗಳ ನಡುವಣ ಜಗಳ ಇನ್ನೂ ಬಗೆಹರಿದಿಲ್ಲ. ಅಳತೆ ತಪ್ಪೋ, ವಿಶ್ವವನ್ನು ಕುರಿತ ನಮ್ಮ ಕಲ್ಪನೆಯೇ ಅಪೂರ್ಣವೋ ಎಂಬುದು ಇಂದಿನ ಖಗೋಳವಿಜ್ಞಾನದ ದೊಡ್ಡ ಪ್ರಶ್ನೆಗಳಲ್ಲಿ ಒಂದು.

ಇಷ್ಟು ದೊಡ್ಡ ಪ್ರಶ್ನೆಗಳ ಬುಡದಲ್ಲಿ ಇರುವುದು, ಒಂದು ನಕ್ಷತ್ರವನ್ನು ಅದರ ನೆರೆಯ ನಕ್ಷತ್ರಗಳೊಡನೆ ಹೋಲಿಸಿ ನೋಡುವ ತಾಳ್ಮೆ. ಆ ತಾಳ್ಮೆ ನಮ್ಮ ದೇಶದಲ್ಲಿಯೂ ಇತ್ತು. ನಕ್ಷತ್ರಗಳ ಕಾಂತಿಮಾನವನ್ನು ಗೊತ್ತುಪಡಿಸಲು ಇಂದಿಗೂ ಬಳಸುವ ಕ್ರಮವನ್ನು 1856ರಲ್ಲಿ ಸೂಚಿಸಿದ ನಾರ್ಮನ್ ಪಾಗ್ಸನ್ 1861ರಿಂದ 1891ರಲ್ಲಿ ಸಾಯುವವರೆಗೂ ಮದರಾಸಿನ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದರು. ಅವರ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು 1867ರಲ್ಲಿ, ಮದರಾಸಿನ ದಕ್ಷಿಣ ದಿಗಂತದಿಂದ ಸ್ವಲ್ಪವೇ ಮೇಲೆ ಬರುವ ರೆಟಿಕ್ಯುಲಂ ಪುಂಜದಲ್ಲಿ ಮೀರಾ ಜಾತಿಯ ಒಂದು ಚಂಚಲ ನಕ್ಷತ್ರವನ್ನು ಕಂಡುಹಿಡಿದರು. 1874ರ ಶುಕ್ರಸಂಕ್ರಮಣವನ್ನು ಕುರಿತು ಜನಸಾಮಾನ್ಯರಿಗಾಗಿ ಅವರು ಬರೆದ ಕಿರುಹೊತ್ತಗೆ ಕನ್ನಡದಲ್ಲಿಯೂ ಬಂದಿತ್ತೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಇನ್ನೊಬ್ಬರು ಬಂಗಾಳದ ರಾಧಾಗೋವಿಂದ ಚಂದ್ರ. ಜೆಸ್ಸೋರ್ ಜಿಲ್ಲೆಯ ಖಜಾನೆಯಲ್ಲಿ ಅವರು ಸಣ್ಣ ನೌಕರ. ಕಾಲೇಜಿನ ವಿದ್ಯೆ ಅವರಿಗೆ ಇರಲಿಲ್ಲ. 1918ರಲ್ಲಿ ಗರುಡ ಪುಂಜದಲ್ಲಿ ನೋವಾ ಒಂದು ಕಾಣಿಸಿಕೊಂಡಾಗ ಯಾರ ಸೂಚನೆಯೂ ಇಲ್ಲದೆ ತಾವಾಗಿಯೇ ಅದನ್ನು ಗುರುತಿಸಿದವರಲ್ಲಿ ಅವರೂ ಒಬ್ಬರು. ಅಮೆರಿಕದಲ್ಲಿ 1911ರಲ್ಲಿ ಸ್ಥಾಪನೆಯಾಗಿದ್ದ ಚಂಚಲ ನಕ್ಷತ್ರ ವೀಕ್ಷಕರ ಸಂಘ ಅವರ ಶ್ರದ್ಧೆಯನ್ನು ಮೆಚ್ಚಿ ಆರಂಗುಲದ ಒಂದು ದೂರದರ್ಶಕವನ್ನು ಕಳುಹಿಸಿಕೊಟ್ಟಿತು. ಕಚೇರಿಯ ಕೆಲಸ ಮುಗಿಸಿ ಬಂದು, ರಾತ್ರಿಯ ಮೇಲೆ ರಾತ್ರಿ, ಅವರು ಮಾಡಿ ಕಳುಹಿಸಿದ ವೀಕ್ಷಣೆಗಳ ಸಂಖ್ಯೆ 37,000ಕ್ಕೂ ಮಿಕ್ಕಿದ್ದು. ಅವರ ಅನಂತರ ಆ ದೂರದರ್ಶಕ ವೈನು ಬಾಪ್ಪು ಅವರ ಕೈಸೇರಿ, ಮುಂದೆ ಕಾವಲೂರಿಗೆ ಹೋಯಿತು. ತಮಿಳುನಾಡಿನ ಆ ವೀಕ್ಷಣಾಲಯಕ್ಕೆ ಇಂದು ಬಾಪ್ಪು ಅವರ ಹೆಸರೇ ಇದೆ. ಅದನ್ನು ನಡೆಸುತ್ತಿರುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ.

ನಮ್ಮ ರೈತರ ಬಾಯಲ್ಲಿ ನಿತ್ಯ ಬರುವ ಒಂದು ನಕ್ಷತ್ರವೂ ಚಂಚಲವೇ. ಆರಿದ್ರೆಯ ಮಳೆಯೆಂದು ನಾವು ಹೇಳುವುದು ಸೂರ್ಯ ಆರ್ದ್ರಾ ನಕ್ಷತ್ರದಲ್ಲಿರುವ ಜೂನ್ ಕೊನೆಯ ದಿನಗಳ ಮಳೆಯನ್ನು. ಆಗ ನಕ್ಷತ್ರ ಬಿಸಿಲಿನಲ್ಲಿ ಅಡಗಿರುತ್ತದೆ. ಅದನ್ನು ನೋಡಬೇಕಾದರೆ ಮಾಗಿಯ ರಾತ್ರಿಗಳಲ್ಲಿ, ಮಹಾವ್ಯಾಧನ ಭುಜದಲ್ಲಿ ಕೆಂಪಗೆ ಹೊಳೆಯುವಾಗ ನೋಡಬೇಕು. 2019ರ ಕೊನೆಯಲ್ಲಿ ಇದ್ದಕ್ಕಿದ್ದಂತೆ ಅದು ಮಂಕಾಗತೊಡಗಿ, 2020ರ ಫೆಬ್ರವರಿಯಲ್ಲಿ ಅದರ ಕಾಂತಿ ವಾಡಿಕೆಯ ಅರ್ಧಕ್ಕೂ ಕೆಳಗಿಳಿಯಿತು. ಅದು ಸಿಡಿಯುವ ಕಾಲ ಬಂದಿತೆಂದು ಹಲವರು ತಿಳಿದರು. ಆದರೆ ನಡೆದುದು ಬೇರೆ: ನಕ್ಷತ್ರ ತನ್ನ ಹೊರಪದರದ ಒಂದು ಭಾಗವನ್ನು ಉಗುಳಿತ್ತು, ಆ ಅನಿಲ ತಣಿದು ಧೂಳಾಗಿ ನಮಗೆ ಅಡ್ಡ ನಿಂತಿತ್ತು. ಕೆಲವೇ ತಿಂಗಳಲ್ಲಿ ಆರ್ದ್ರೆ ಮೊದಲಿನಂತಾಯಿತು. ಅದು ಒಂದು ದಿನ ಸಿಡಿಯುವುದು ನಿಶ್ಚಯ. ಆದರೆ ಆ ದಿನ ಬರಲು ಒಂದು ಲಕ್ಷ ವರ್ಷಗಳೇ ಹಿಡಿಯಬಹುದು.

ಹಾಗಾದರೆ ವಧೂವರರಿಗೆ ತೋರಿಸುವ ಧ್ರುವ? ಅದೂ ಡೆಲ್ಟಾ ಸೀಫಿಯ ಜಾತಿಯದೇ. ನಾಲ್ಕು ದಿನಗಳಿಗೆ ತುಸು ಕಡಿಮೆ ಅವಧಿಯಲ್ಲಿ ಮಿಡಿಯುತ್ತದೆ. 1911ರಲ್ಲಿ ಹರ್ಟ್ಸ್‌ಸ್ಪ್ರುಂಗ್ ಇದನ್ನು ಖಚಿತಪಡಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೂರಕ್ಕೆ ಹತ್ತರಷ್ಟಿದ್ದ ಅದರ ಏರಿಳಿತ 1990ರ ಹೊತ್ತಿಗೆ ನೂರಕ್ಕೆ ಮೂರರ ಆಸುಪಾಸಿಗೆ ಇಳಿದು, ಇನ್ನೇನು ನಿಂತೇಹೋಗುವುದೆಂದು ತೋರಿತ್ತು, ಮತ್ತೆ ಹೆಚ್ಚಿತು. ನಮ್ಮ ಸೂರ್ಯನೂ ಕೂಡ ಹನ್ನೊಂದು ವರ್ಷಗಳ ಕಲೆಚಕ್ರದೊಡನೆ ಸಾವಿರದಲ್ಲೊಂದು ಪಾಲಿನಷ್ಟು ಕಾಂತಿಯನ್ನು ಬದಲಿಸುತ್ತಾನೆ. ಅವನ ಚಾಂಚಲ್ಯ ಅಷ್ಟಕ್ಕೇ ನಿಂತಿರುವುದು ನಮ್ಮ ಪುಣ್ಯ; ಮೀರಾದ ಪಾಡು ಅವನದಾಗಿದ್ದರೆ ಅದನ್ನು ಕುರಿತು ಮಾತನಾಡಲು ಇಲ್ಲಿ ಯಾರೂ ಇರುತ್ತಿರಲಿಲ್ಲ. ನಿಜವಾಗಿ ಬದಲಾಗದ ನಕ್ಷತ್ರವೆಂಬುದು ಇಲ್ಲ. ಬದಲಾವಣೆಗೂ ಒಂದು ನಿಯತಿಯಿದೆ ಎಂಬುದಷ್ಟೇ ನಾವು ನೆಚ್ಚಬಹುದಾದ ಸ್ಥಿರತೆ.

ಇದನ್ನು ಕಣ್ಣಾರೆ ಕಾಣಲು ದೂರದರ್ಶಕ ಬೇಡ. ನವೆಂಬರಿನಿಂದ ಮಾರ್ಚಿಯವರೆಗೆ ಸಂಜೆಯ ಉತ್ತರದ ಆಕಾಶದಲ್ಲಿ ಪಾರ್ಥನನ್ನು ಗುರುತಿಸಿ, ಆಲ್ಗಾಲನ್ನು ಅದರ ಅಕ್ಕಪಕ್ಕದ ನಕ್ಷತ್ರಗಳೊಡನೆ ಹೋಲಿಸಿ ನೋಡಿ. ಒಂದು ಪುಸ್ತಕದಲ್ಲಿ ತಾರೀಖನ್ನೂ ಗಂಟೆಯನ್ನೂ ಬರೆದಿಡಿ. ಒಂದು ವಾರ, ಎರಡು ವಾರ ಏನೂ ಆಗದಿರಬಹುದು. ಒಂದು ರಾತ್ರಿ ಅದು ಎಂದಿಗಿಂತ ಮಂಕಾಗಿ ಕಂಡರೆ, ಅದರ ಬೆಳಕು ನಮ್ಮನ್ನು ತಲುಪಲು ಸುಮಾರು ತೊಂಬತ್ತು ವರ್ಷ ಬೇಕು ಎಂಬುದನ್ನು ನೆನೆಯಿರಿ. ನೀವು ಆಗ ನೋಡುತ್ತಿರುವುದು ನಮ್ಮ ಅಜ್ಜಂದಿರ ಕಾಲದಲ್ಲಿ ಅಲ್ಲಿ ನಡೆದ ಒಂದು ಗ್ರಹಣವನ್ನು.